ಬೊಮ್ಮಕ್ಕನ ಎಡಗಾಲು

ಚಳ್ಳಕೆರೆ ಬಸ್‌ಸ್ಟ್ಯಾಂಡಿನಲ್ಲಿ ಹೊರಟ ಬಸ್ಸಿಗೆ ಕೈ ಅಡ್ಡ ಹಾಕುವುದು ಹೊಸಬರ ಕೆಲಸ. ಬಲ್ಲವರು ಬಲಗಾಲನ್ನು ಫುಟ್‌ಬೋರ್ಡಿನ ಮೇಲಿಟ್ಟು, ಎಡಗಾಲನ್ನು ನೆಲದಲ್ಲೇ ಬಿಟ್ಟು, ಬಾಗಿಲ ಸರಳು ಹಿಡಿದು ನಿಂತುಬಿಡುತ್ತಾರೆ. ಹತ್ತಿದವರನ್ನು ಕರೆದೊಯ್ಯಬಹುದು, ಹತ್ತದವರನ್ನು ಬಿಟ್ಟುಹೋಗಬಹುದು. ಅರ್ಧ ಹತ್ತಿದವರನ್ನು ಏನು ಮಾಡಬೇಕೆಂದು ಯಾವ ಕಂಡಕ್ಟರಿಗೂ ಯಾರೂ ಹೇಳಿಕೊಟ್ಟಿಲ್ಲ.

ನನ್ನಿವಾಳದ ಬೊಮ್ಮಕ್ಕ ಈ ವಿದ್ಯೆಯಲ್ಲಿ ಪಳಗಿದವಳೆಂಬುದು ಗಂಗಲಕ್ಷ್ಮಿಗೆ ತಿಳಿದದ್ದು ಇಬ್ಬರೂ ದೆಹಲಿಗೆ ಹೊರಟ ದಿನ. ಅಲ್ಲಿಯ ಕೈಮಗ್ಗದ ಮೇಳಕ್ಕೆ ಮೊಳಕಾಲ್ಮುರಿನಿಂದ ರೇಷ್ಮೆ ಸೀರೆ ನೇಯ್ದು ತೋರಿಸಲು ಗಂಗಲಕ್ಷ್ಮಿಯನ್ನೂ, ಚಳ್ಳಕೆರೆ ಕಡೆಯಿಂದ ಕಂಬಳಿಯ ಉಣ್ಣೆ ನೂತು ತೋರಿಸಲು ಬೊಮ್ಮಕ್ಕನನ್ನೂ ಕರೆಸಿದ್ದರು. ರೈಲಿನಲ್ಲಿ ಜಾಗ ಸಿಕ್ಕಿರಲಿಲ್ಲ. ವಿಮಾನಗಳು ಆಗಷ್ಟೇ ಅಗ್ಗವಾಗತೊಡಗಿದ್ದ ಕಾಲ; ನೇಕಾರರ ಸಂಘದ ಕಾರ್ಯದರ್ಶಿ ರಾಜಣ್ಣ ಮೂರು ಟಿಕೆಟ್ಟುಗಳನ್ನು ಅಂಗಿಯ ಒಳಜೇಬಿನಲ್ಲಿಟ್ಟು, ಮೊಳಕಾಲ್ಮುರಿನಿಂದಲೇ ಎದೆ ಮುಟ್ಟಿ ನೋಡಿಕೊಳ್ಳುತ್ತ ಬಂದಿದ್ದರು.

ಚಳ್ಳಕೆರೆಯಲ್ಲಿ ಬೆಂಗಳೂರಿನ ಬಸ್ಸು ಹೊರಡಬೇಕು, ಬೊಮ್ಮಕ್ಕ ಬಾಗಿಲಲ್ಲಿ ಅರ್ಧ ಒಳಗೆ, ಅರ್ಧ ಹೊರಗೆ.

"ಹತ್ತೋದಾದ್ರೆ ಹತ್ತಜ್ಜಿ, ಇಳಿಯೋದಾದ್ರೆ ಇಳಿ" ಎಂದ ಕಂಡಕ್ಟರ್.

"ತಡಿಯಪ್ಪಾ, ಸಾಬ್ರು ಓಡ್ ಬರ್ತಾ ಅವ್ರೆ."

"ನಿಮ್ ಕಡೇರಾ?"

"ನಾನೇನ್ ಕಂಡೀನಿ? ಬಸ್ಸಿಗ್ ಓಡ್ತಾ ಅವ್ರೆ ಅಂದ್ಮೇಲೆ ಬಸ್ಸಿನ್ ಕಡೇರು."

ಗ್ಯಾರೇಜಿನ ಶರೀಫ್ ಸಾಬರು ಲಾರಿಯ ಯಾವುದೋ ಬಿಡಿಭಾಗವನ್ನು ಹೆಗಲಲ್ಲಿ ಹೊತ್ತು ಏದುಸಿರು ಬಿಡುತ್ತ ಬಂದು, "ಮೆಹರ್ಬಾನಿ ಅಮ್ಮಾ" ಎಂದು ಹತ್ತಿದ ಮೇಲೆಯೇ ಆ ಎಡಗಾಲು ಒಳಗೆ ಬಂದದ್ದು.

"ಒಬ್ಬರಿಗೋಸ್ಕರ ಇಷ್ಟ್ ಜನ ಕಾಯ್ಬೇಕಾ?" ಎಂದು ಗಂಗಲಕ್ಷ್ಮಿ ರಾಜಣ್ಣನಿಗೆ ಹೇಳಿದಳು, ಬೊಮ್ಮಕ್ಕನಿಗೆ ಕೇಳಿಸುವಷ್ಟು ಗಟ್ಟಿಯಾಗಿ.

"ಕಾದ್ರೆ ಸವೀತೀಯೇನ್ ತಾಯಿ?" ಎಂದು ಬೊಮ್ಮಕ್ಕ ಅವಳ ಪಕ್ಕದಲ್ಲೇ ಕೂತಳು. ಗಂಟಿನಲ್ಲಿದ್ದ ಕಂಬಳಿಗಳ ಕುರಿವಾಸನೆಗೆ ಗಂಗಲಕ್ಷ್ಮಿ ಹಿರಿಯೂರಿನವರೆಗೂ ಮುಖವನ್ನು ಕಿಟಕಿಯಾಚೆ ಇಟ್ಟುಕೊಂಡಿದ್ದಳು.

ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಬೊಮ್ಮಕ್ಕ ಉಣ್ಣೆ ನೂಲುವ ಕದಿರು, ಕಂಬಳಿ ಎಲ್ಲವನ್ನೂ ಗಂಟಿನ ಸಮೇತ ಕೌಂಟರಿನಲ್ಲೇ ಒಪ್ಪಿಸಿದಳು. ಗಂಗಲಕ್ಷ್ಮಿ ಸೀರೆಗಳನ್ನು ಕೊಟ್ಟಳೇ ಹೊರತು ಲಾಳಿಯನ್ನು ಕೊಡಲಿಲ್ಲ. ಅದು ಅವಳ ಅವ್ವನ ಲಾಳಿ. ಮಗ್ಗದ ಎಳೆಗಳ ನಡುವೆ ಅದನ್ನು ಓಡಿಸಿ ಓಡಿಸಿ ಅವ್ವನ ಬೆರಳು ಮರದಲ್ಲಿ ಕೊರೆದಿದ್ದ ಗುಳಿಯಲ್ಲಿ ಈಗ ಗಂಗಲಕ್ಷ್ಮಿಯ ಬೆರಳು ಕೂರುತ್ತಿತ್ತು. ಬೇರೆ ಲಾಳಿ ಹಿಡಿದರೆ ಅಂಚಿನ ಎಳೆ ಕಡಿಯುತ್ತದೆ. ಕಡಿದರೆ ಮನೆಯಲ್ಲಾದರೆ ಸರಿ, ದೆಹಲಿಯ ಜನರೆದುರಿಗೆ ಕಡಿದರೆ? ಅದಕ್ಕೇ ಸೀರೆಯಲ್ಲಿ ಸುತ್ತಿ ಕೈಚೀಲದಲ್ಲಿಟ್ಟುಕೊಂಡಿದ್ದಳು.

ತಪಾಸಣೆಯವನು ಅದನ್ನು ಬಿಚ್ಚಿ, ಎರಡು ತುದಿಯ ಕಬ್ಬಿಣದ ಮೊನೆಗಳನ್ನು ಹೆಬ್ಬೆರಳಲ್ಲಿ ಮುಟ್ಟಿ ನೋಡಿದ. ಒಳಗೆ ಒಯ್ಯುವಂತಿಲ್ಲ, ಕೌಂಟರಿಗೆ ವಾಪಸು ಹೋಗಿ ಲಗೇಜಿಗೆ ಹಾಕಿ, ಇಲ್ಲವೇ ಈ ಡಬ್ಬಕ್ಕೆ ಎಸೆಯಿರಿ ಎಂದ. ಅಷ್ಟರಲ್ಲಿ ದೆಹಲಿಯವರು ಹೊರಡಬೇಕೆಂದು ಮೈಕಿನಲ್ಲಿ ಕೂಗಿದರು.

"ಬಿಟ್ಬಿಡಮ್ಮಾ" ಎಂದರು ರಾಜಣ್ಣ. "ಮಗ್ಗ ಕೊಡೋರು ಲಾಳೀನೂ ಕೊಡ್ತಾರೆ."

"ನಿಮ್ ಕನ್ನಡ್ಕ ಬಿಟ್ಬಿಡ್ರಿ ರಾಜಣ್ಣಾರೆ, ಪೇಪರ್ ಕೊಡೋರು ಕನ್ನಡ್ಕಾನೂ ಕೊಡ್ತಾರೆ" ಎಂದವಳೇ ಗಂಗಲಕ್ಷ್ಮಿ ಲಾಳಿ ಹಿಡಿದು ಬಂದ ದಾರಿಯಲ್ಲೇ ಓಡಿದಳು.

ಕೌಂಟರಿನ ಹುಡುಗಿ ಗಡಿಯಾರ ನೋಡಿದಳು. "ಮುಗೀತು ಮೇಡಂ. ಎಲ್ಲರೂ ಹತ್ತಿ ಆಯ್ತು, ಬಾಗಿಲು ಹಾಕ್ತಾರೆ. ಈಗ ಇದೂ ಹೋಗಲ್ಲ, ನೀವೂ ಹೋಗಲ್ಲ."

"ಅಯ್ಯೋ ದೇವುಡಾ" ಎಂದು ಗಂಗಲಕ್ಷ್ಮಿ ಅಲ್ಲೇ ತೂಕದ ಯಂತ್ರದ ಮೇಲೆ ಕೂತುಬಿಟ್ಟಳು. ಯಂತ್ರ ಅವಳ ತೂಕವನ್ನು ಲಗೇಜಿನ ಲೆಕ್ಕಕ್ಕೆ ಹಿಡಿಯಿತು. ಮೊಳಕಾಲ್ಮುರಿನಲ್ಲಿ ಓಣಿಗೆ ಓಣಿಯೇ ಬಂದು ಕಳಿಸಿಕೊಟ್ಟಿತ್ತು. ಇನ್ನು ಲಾಳಿ ಹಿಡಿದು ಅದೇ ಓಣಿಗೆ ವಾಪಸು ಹೋಗಬೇಕು.

ಆಗ ಹುಡುಗಿಯ ವಾಕಿಟಾಕಿ ಕರಕರ ಎಂದಿತು. ವಿಮಾನದ ಬಾಗಿಲು ಹಾಕಲಾಗುತ್ತಿಲ್ಲವಂತೆ.

"ಟೆಕ್ನಿಕಲ್ ಪ್ರಾಬ್ಲಮ್ಮಾ?" ಎಂದು ಹುಡುಗಿ ಕೇಳಿದಳು.

"ಅಲ್ಲ" ಎಂದಿತು ವಾಕಿಟಾಕಿ. "ಕಾಲು."

ಹುಡುಗಿ ಗಂಗಲಕ್ಷ್ಮಿಯ ಮುಖ ನೋಡಿದಳು, ಲಾಳಿಯ ಕೊರಳಿಗೆ ಲಗೇಜಿನ ಚೀಟಿ ಕಟ್ಟಿದಳು, ಅವಳನ್ನು ಜೀಪಿಗೆ ಹತ್ತಿಸಿದಳು.

ಜೀಪಿನಿಂದಲೇ ಕಂಡಿತು. ಏಣಿಯ ತುದಿಯಲ್ಲಿ ಬೊಮ್ಮಕ್ಕ. ಬಲಗಾಲು ವಿಮಾನದೊಳಗೆ, ಎಡಗಾಲು ಏಣಿಯ ಮೇಲೆ, ಎರಡೂ ಕೈ ಬಾಗಿಲಿಗೆ.

"ಪ್ಲೀಸ್ ಅಮ್ಮಾ, ಒಳಗ್ ಬನ್ನಿ. ಕ್ಯಾಪ್ಟನ್ ಬೈತಾರೆ" ಎನ್ನುತ್ತಿದ್ದಳು ಗಗನಸಖಿ.

"ಬೈಸ್ಕಂಡು ನಂಗೆ ಅಭ್ಯಾಸ ಐತೆ, ಅವ್ರನ್ನ ಇತ್ತ ಕಳ್ಸವ್ವಾ. ನಮ್ ಹುಡುಗಿ ಬರ್ಬೇಕು."

"ಬೊಮ್ಮಕ್ಕಾ, ಇದು ಬಸ್ಸಲ್ಲ!" ಹಿಂದಿನಿಂದ ರಾಜಣ್ಣನ ದನಿ. "ಜೈಲಿಗ್ ಹಾಕ್ತಾರೆ!"

"ಹಾಕ್ಲಿ ಬಿಡ್ರಿ. ಅಲ್ಲಿಗಾದ್ರೂ ಮೂರೂ ಜನ ಒಟ್ಟಿಗೇ ಹೋಗಾನ."

ನಲವತ್ತು ದಾಟಿದ ಹುಡುಗಿ ಸೆರಗು ಎತ್ತಿ ಕಟ್ಟಿ ಏಣಿ ಹತ್ತಿತು. ಆಮೇಲೆ ಎಡಗಾಲು ಒಳಗೆ ಬಂತು.

ಅಷ್ಟರಲ್ಲಿ ವಿಮಾನದ ಸರದಿ ತಪ್ಪಿತ್ತು; ಇನ್ನೂ ಎಷ್ಟೋ ವಿಮಾನಗಳು ಹಾರುವವರೆಗೆ ನಿಂತೇ ಇರಬೇಕೆಂದು ಕ್ಯಾಪ್ಟನ್ ಸಾರಿದರು. ಮುಂದಿನ ಸಾಲಿನ ಟೈ ಕಟ್ಟಿದವನೊಬ್ಬ ತಿರುಗಿ, "ಒಬ್ಬರಿಗೋಸ್ಕರ ಇಷ್ಟು ಜನ ಕಾಯ್ಬೇಕಾ?" ಎಂದ.

ಗಂಗಲಕ್ಷ್ಮಿ ತಲೆ ತಗ್ಗಿಸಿದಳು. ಮಾತು ಅಕ್ಷರ ಅಕ್ಷರವೂ ಅವಳದೇ; ಚಳ್ಳಕೆರೆಯಲ್ಲಿ ಬಿಟ್ಟುಬಂದೆನೆಂದುಕೊಂಡದ್ದು ಅವಳಿಗಿಂತ ಮೊದಲೇ ಹತ್ತಿ ಕೂತಿತ್ತು.

ಬೊಮ್ಮಕ್ಕ ಎದ್ದಳು. "ತಡ ಆಯ್ತು ಕಣ್ರಪ್ಪಾ, ಬೇಜಾರ್ ಮಾಡ್ಕಬ್ಯಾಡ್ರಿ. ನೀವ್ ಕಾದಿದ್ದಕ್ಕೆ ನಮ್ ಹುಡುಗಿ ಬಂತು. ನಿಮ್ ಹೊಟ್ಟೆ ತಣ್ಣಗಿರ್ಲಿ" ಎನ್ನುತ್ತ ಮಡಿಲಿನಿಂದ ಹುರಿದ ಶೇಂಗಾ ತೆಗೆದು ಸಾಲು ಸಾಲಿಗೂ ಹಂಚಿದಳು. ಅಗ್ಗದ ವಿಮಾನ, ತಿನ್ನಲು ಪುಕ್ಕಟೆ ಏನೂ ಇಲ್ಲ. ಕೈಗಳು ಮುಂದೆ ಬಂದವು. ಟೈ ಕಟ್ಟಿದವನು ಶೇಂಗಾ ತೆಗೆದುಕೊಂಡ, ಕ್ಷಮಿಸಲಿಲ್ಲ. ನೆಲದ ಮೇಲೆ ಸಿಪ್ಪೆ ಬಿದ್ದದ್ದನ್ನು ಗಗನಸಖಿ ನೋಡಿದಳು; ಅವಳ ಬಾಯಿಯೂ ತುಂಬಿತ್ತು.

ಬೊಮ್ಮಕ್ಕ ಬಂದು ಕೂತಾಗ ಗಂಗಲಕ್ಷ್ಮಿ ಹೇಳಹೋದಳು: "ಬೊಮ್ಮಕ್ಕಾ, ನೀನ್ ಇಲ್ದಿದ್ರೆ ನಾನು..."

"ನಾನೇನ್ ಮಾಡ್ದೆ? ನಿಂತ್ಕಂಡಿದ್ದೆ" ಎಂದ ಬೊಮ್ಮಕ್ಕ ನಿದ್ದೆಹೋದಳು. ದೆಹಲಿಯವರೆಗೂ ಆ ತಲೆ ಗಂಗಲಕ್ಷ್ಮಿಯ ಹೆಗಲ ಮೇಲಿತ್ತು. ಕಂಬಳಿಗಳು ಲಗೇಜಿಗೆ ಹೋಗಿದ್ದರೂ ಕುರಿವಾಸನೆ ಹಾಗೇ ಇತ್ತು. ಮುಖ ತಿರುಗಿಸಿಕೊಳ್ಳಲು ಕಿಟಕಿಯೂ ಇತ್ತು. ಅವಳು ತಿರುಗಿಸಲಿಲ್ಲ.

ದೆಹಲಿಯಲ್ಲಿ ದೊಡ್ಡ ದೊಡ್ಡ ಸೂಟ್‌ಕೇಸುಗಳ ನಡುವೆ ಲಾಳಿಯೊಂದೇ, ಕೊರಳಲ್ಲಿ ಚೀಟಿ ಕಟ್ಟಿಕೊಂಡು, ಬೆಲ್ಟಿನ ಮೇಲೆ ಸವಾರಿ ಬಂತು.

ಮೇಳದಲ್ಲಿ ಎಳೆ ಕಡಿಯಲಿಲ್ಲ. ಜನ ಇಲ್ಲದ ಹೊತ್ತಿನಲ್ಲಿ ಗಂಗಲಕ್ಷ್ಮಿ ಅದೇ ಲಾಳಿಯಲ್ಲಿ ಕೈಯಗಲದ ಕೆಂಪು ರೇಷ್ಮೆಯ ಅಂಚೊಂದನ್ನು ನೇಯ್ದು, ಯಾರನ್ನೂ ಕೇಳದೆ ಬೊಮ್ಮಕ್ಕನ ಕರಿಕಂಬಳಿಗೆ ಹೊಲಿದಳು. ಬೊಮ್ಮಕ್ಕ ಅದನ್ನು ಹೊದ್ದು ನೂಲುತ್ತಿದ್ದಾಗ ಬೆಳ್ಳಿಬಳೆಯ ವಿದ್ವಾಂಸೆಯೊಬ್ಬರು ಬಂದು ನಿಂತರು.

"ಉಣ್ಣೆಗೆ ರೇಷ್ಮೆಯ ಅಂಚು, ಎಲ್ಲೂ ನೋಡಿಲ್ಲವಂತೆ" ಎಂದು ರಾಜಣ್ಣ ಕನ್ನಡಕ್ಕೆ ತಂದರು. "ಎಷ್ಟು ವರ್ಷದ ಸಂಪ್ರದಾಯ ಅಂತ ಕೇಳ್ತಾ ಅವ್ರೆ."

"ಮೊನ್ನೆ ಬುಧವಾರದಿಂದ ಅನ್ರಿ" ಎಂದಳು ಗಂಗಲಕ್ಷ್ಮಿ, ಮಗ್ಗದಿಂದ ಕಣ್ಣೆತ್ತದೆ.

ರಾಜಣ್ಣ ಹಿಂದಿಗೆ ತರುವಾಗ ಕೆಲವು ಶತಮಾನಗಳನ್ನು ಸೇರಿಸಿದರು. ಆಕೆ ಬೆಲೆ ಕೇಳಿದರು.

"ಇದು ಮಾರೋದಲ್ಲ ಅನ್ರಿ" ಎನ್ನುತ್ತ ಬೊಮ್ಮಕ್ಕ ಅಂಚನ್ನು ಎಳೆದು ಎಡಗಾಲಿನ ಮೇಲೆ ಹೊದ್ದುಕೊಂಡಳು.