ಹದಿನಾರನೆಯ ಹೆಸರು

ಮಾಯಕ್ಕ ದೂರದಿಂದ ಎಸೆದ ಮೂರನೆಯ ಚೆಂಡೂ ಎರಡು ಸಲ ಪುಟಿದು, ಬ್ಯಾಟು ಹಿಡಿದವರು ನಿಲ್ಲುವ ಹೋಮ್ ಪ್ಲೇಟಿಗೆ ನಾಲ್ಕು ಮಾರು ಈಚೆಗೇ ಸುಸ್ತಾಗಿ ನಿಂತಿತು. ಕುರ್ಚಿಯಲ್ಲಿ ಕುಳಿತಿದ್ದ ಪ್ರಮಿಳಾ ಪೆನ್ನಿನ ಟೊಪ್ಪಿಗೆ ತೆಗೆದಳು, ಏನೂ ಬರೆಯದೆ ಮತ್ತೆ ಹಾಕಿದಳು.

"ಗಾಳಿ ಎದುರಿಗೈತ್ರಿ ಮೇಡಂ," ಎಂದರು ಪಕ್ಕದಲ್ಲಿ ನಿಂತಿದ್ದ ತಮ್ಮಣ್ಣ ಸರ್.

ಗಾಳಿಯೇ ಇರಲಿಲ್ಲ. ಮೈದಾನದಂಚಿನ ಹುಲ್ಲು ಕೂಡ ಅಲುಗುತ್ತಿರಲಿಲ್ಲ. ತಮ್ಮಣ್ಣ ಖಾನಾಪುರದ ಈ ಕಾಲೇಜಿನಲ್ಲಿ ಇತಿಹಾಸ ಕಲಿಸುವವರು. ಆಟದ ಮಾಸ್ತರರ ಹುದ್ದೆ ಖಾಲಿ ಇದ್ದುದರಿಂದ ಮೂರು ವರ್ಷದಿಂದ ಹುಡುಗಿಯರ ಸಾಫ್ಟ್‌ಬಾಲ್ ಕೂಡ ಅವರ ಕೊರಳಿಗೆ ಬಿದ್ದಿತ್ತು. ನಿಯಮದ ಪುಸ್ತಕವನ್ನು ಶಾಸನ ಓದುವ ಹಾಗೆ ಓದಿ, ಅರ್ಥವಾದಷ್ಟನ್ನು ಕಲಿಸಿದ್ದರು. ಒಂಬತ್ತು ಹುಡುಗಿಯರು, ಐದು ಗ್ಲೌಸು. ಯಾರು ಬರದಿದ್ದರೂ ಆ ಜಾಗಕ್ಕೆ ಮಾಯಕ್ಕ. ಮಾಯಕ್ಕನದೇ ಎಂಬ ಜಾಗ ಮಾತ್ರ ಒಂದೂ ಇಲ್ಲ.

"ಪಿಚರ್ ಆಗ್ತಾಳ, ಕ್ಯಾಚರ್ ಆಗ್ತಾಳ, ಮೂರೂ ಬೇಸ್ ಕಾಯ್ತಾಳ," ಎಂದು ತಮ್ಮಣ್ಣ ಬೆರಳು ಮಡಚಿದರು. "ಹ್ವಾದ ತಿಂಗಳ ಅಂಪೈರ್ ಬಂದಿರಲಿಲ್ಲ, ಅದನ್ನೂ ಆದ್ಲರಿ. ತಾನ ಓಡಿ, ತಾನ ಔಟ್ ಅಂತ ಕೈ ಎತ್ತಿದ್ಲು!"

ಪ್ರಮಿಳಾ ನಕ್ಕಳು. ಆದರೆ ಮಡಿಲಲ್ಲಿದ್ದ ಹಾಳೆ ನಗುತ್ತಿರಲಿಲ್ಲ. ವಿಶ್ವವಿದ್ಯಾಲಯದ ತಂಡಕ್ಕೆ ಹದಿನಾರು ಹುಡುಗಿಯರು. ಹದಿನೈದು ಹೆಸರು ಗುರುವಾರವೇ ಬರೆದಾಗಿತ್ತು. ಹದಿನಾರನೆಯ ಸಾಲು ಖಾಲಿ. ಅದರಲ್ಲಿ ಹೆಸರಿನ ಮುಂದೆ 'ಸ್ಥಾನ' ಎಂದೊಂದು ಮನೆ, 'ಎಸೆಯುವ ಕೈ' ಎಂದೊಂದು ಮನೆ. ಬೆಳಗಾವಿಯ ಸಾನಿಕಾ ಎಂಬ ಹುಡುಗಿ ಫಸ್ಟ್ ಬೇಸಿನಲ್ಲಿ ಅಚ್ಚುಕಟ್ಟಾಗಿ ಆಡುತ್ತಿದ್ದಳು. ಆಯ್ಕೆ ಸಮಿತಿಯ ಮನಸ್ಸು ಅತ್ತಲೇ ಇತ್ತು. "ಆದ್ರೂ ಖಾನಾಪುರದಾಕಿನ್ನ ಒಮ್ಮೆ ನೋಡಿ ಬರ್ರಿ ಪ್ರಮಿಳಾಬಾಯಿ. ನೀವು ಬರೆದ ಹೆಸರ ಖರೇ," ಎಂದಿದ್ದರು ಅಧ್ಯಕ್ಷ ಬಾಳಾಸಾಹೇಬರು. ಬೆಳಗಾವಿಯ ಕಾಲೇಜೊಂದರಲ್ಲಿ ಆಟದ ಶಿಕ್ಷಕಿಯಾಗಿದ್ದ ಪ್ರಮಿಳಾ ಹದಿನೆಂಟು ವರ್ಷದಿಂದ ಆ ಸಮಿತಿಯ ಮಹಿಳಾ ಸದಸ್ಯೆ. ಉಳಿದವರು ಬರೆದದ್ದರ ಕೆಳಗೆ ಸಹಿ ಮಾಡುವುದು ಅವಳ ಕೆಲಸವಾಗಿತ್ತು. ನಿರ್ಧಾರವೊಂದು ಅವಳ ಕೈಗೆ ಬಂದದ್ದು ಇದೇ ಮೊದಲು. ಶನಿವಾರ ಮಧ್ಯಾಹ್ನ ಖಾನಾಪುರದ ರೈಲು ಹತ್ತಲು ಗಂಡಸರು ಮೂವರಿಗೂ ಮನಸ್ಸಿರಲಿಲ್ಲ, ಅದಕ್ಕೆ.

ಮಾಯಕ್ಕನ ಕಾಲು ಚುರುಕಾಗಿತ್ತು. ಚೆಂಡು ಬ್ಯಾಟಿಗೆ ತಗಲುವ ಮೊದಲೇ ಅದು ಎಲ್ಲಿ ಬೀಳುತ್ತದೆಂದು ಗೊತ್ತಿರುವವಳಂತೆ ಓಡುತ್ತಿದ್ದಳು. ಹಿಡಿದದ್ದು ಒಂದೂ ಜಾರಲಿಲ್ಲ. ಆದರೆ ದೂರದಿಂದ ಎಸೆದದ್ದು ಒಂದೂ ಮುಟ್ಟಲಿಲ್ಲ. ಏನು ಬರೆಯುವುದು? 'ಎಲ್ಲಿ ಬೇಕಾದರೂ' ಎಂದೇ?

ಆ ಮಾತಿನ ಬೆಲೆ ಪ್ರಮಿಳಾಗೆ ಗೊತ್ತಿತ್ತು. ಇಪ್ಪತ್ತರ ವಯಸ್ಸಿನಲ್ಲಿ ಅವಳ ಹೆಸರಿನ ಮುಂದೆಯೂ ಯಾರೋ ಹಾಗೇ ಬರೆದಿದ್ದರು. ಮದ್ರಾಸಿನಲ್ಲಿ ಒಂಬತ್ತು ದಿನ ಟೂರ್ನಮೆಂಟು. ಹೊಸ ಬೂಟು ಹಾಕಿಕೊಂಡು ಒಂಬತ್ತು ದಿನವೂ ಬೆಂಚಿನ ಮೇಲೆ ಕುಳಿತು, ಎಲ್ಲರಿಗೂ ನೀರು ಕೊಟ್ಟು ಬಂದಿದ್ದಳು. ಎಲ್ಲಿಯಾದರೂ ಆಗುತ್ತಾಳೆ ಎಂದವಳನ್ನು ಎಲ್ಲಿಯೂ ಇಳಿಸಿರಲಿಲ್ಲ. ಮುಂದೆ ಮನೆಯಲ್ಲೂ ಕಾಲೇಜಿನಲ್ಲೂ, ಯಾರಾದರೂ ಬಾರದಿದ್ದ ದಿನ 'ಪ್ರಮಿಳಾ ಇದ್ದಾಳಲ್ಲ' ಎಂಬ ಮಾತು ಕೇಳಿದಾಗಲೆಲ್ಲ ಆ ಬೂಟಿನ ಹೊಸ ಚರ್ಮದ ವಾಸನೆ ಬಂದಂತಾಗುತ್ತಿತ್ತು.

"ಇಲ್ಲಿ ಬಾರವ್ವಾ," ಎಂದು ಕರೆದಳು.

ಮಾಯಕ್ಕ ಓಡಿಯೇ ಬಂದಳು. ಎಣ್ಣೆ ಹಚ್ಚಿ ಬಿಗಿದ ಜಡೆ, ಅಣ್ಣನದಿರಬೇಕೆನಿಸುವ ದೊಗಳೆ ಅಂಗಿ.

"ನಿನಗ ಎಲ್ಲಿ ನಿಲ್ಲಬೇಕನಸ್ತದ?"

"ಎಲ್ಲಿ ನಿಲ್ಲಸ್ತೀರಿ ಅಲ್ರೀ."

"ನಾ ಕೇಳಿದ್ದು ಅದಲ್ಲ. ನಿನಗ ಎಲ್ಲಿ ಬೇಕು?"

ಹುಡುಗಿ ಪಾಠದಲ್ಲಿಲ್ಲದ ಪ್ರಶ್ನೆ ಬಂದವಳ ಹಾಗೆ ತಮ್ಮಣ್ಣನವರ ಮುಖ ನೋಡಿದಳು. ಅವರು ಆಕಾಶ ನೋಡಿದರು.

"ಇದು ನಂದು ಕಡೀ ವರ್ಷರಿ," ಎಂದಳು ಕೊನೆಗೆ. "ಒಮ್ಮೆ ಟೀಮಿನ್ಯಾಗ ಹೋಗಿ ಬಂದ್ರ ಬಿ.ಪಿ.ಎಡ್. ಸೀಟ ಸಿಗ್ತೈತಂತ. ನಿಮ್ಮಂಗ ಕೊರಳಾಗ ಸೀಟಿ ಹಾಕ್ಕೊಂಡು ಊದಬೇಕಂತ ಭಾಳ ಆಸೆ ಐತ್ರಿ."

"ಬರೇ ಊದಿದ್ರ ಪಗಾರ ಕೊಡೂದಿಲ್ಲವ್ವಾ!"

ಮೂವರೂ ನಗುತ್ತಿದ್ದಾಗಲೇ ತಮ್ಮಣ್ಣ "ಅಯ್ಯಯ್ಯೋ, ಪುಸ್ತಕ!" ಎಂದು ಕೂಗಿದರು. ಮೈದಾನದಾಚೆ ಹುಣಸೆಮರದ ಕೆಳಗೆ ಮಾಯಕ್ಕನ ತಾಯಿ ಕಾಡವ್ವ ಆಡು ಮೇಯಿಸುತ್ತ ಕುಳಿತಿದ್ದಳು. ಅವುಗಳಲ್ಲಿ ಒಂದು ತಪ್ಪಿಸಿಕೊಂಡು ಬಂದು, ಹೋಮ್ ಪ್ಲೇಟಿನ ಹಿಂದೆ ಚೀಲದ ಮೇಲಿಟ್ಟಿದ್ದ ನಿಯಮದ ಪುಸ್ತಕಕ್ಕೆ ಬಾಯಿ ಹಾಕಿತ್ತು. ಅರವತ್ತು ಹೆಜ್ಜೆಯಾದರೂ ದೂರ. ಮಾಯಕ್ಕ ಬಗ್ಗಿದಳು, ಎದ್ದಳು. ಕಲ್ಲು ಸುಯ್ಯೆಂದು ಹೋಗಿ ಆಡಿನ ಮೂತಿಯ ಮುಂದೆ ಒಂದೇ ಗೇಣಿನಲ್ಲಿ ಮಣ್ಣು ಚಿಮ್ಮಿಸಿತು. ಆಡು ಒಂದು ಹಾಳೆಯನ್ನು ಮಾತ್ರ ಕಚ್ಚಿಕೊಂಡು ಓಡಿತು.

ಪ್ರಮಿಳಾ ಕುರ್ಚಿಯಿಂದ ಎದ್ದಿದ್ದಳು.

"ಮಾಯಕ್ಕಾ. ಈಗ ಒಗದದ್ದು ಯಾವ ಕೈಲೆ?"

ಹುಡುಗಿ ಎಡಗೈಯನ್ನು ಬೆನ್ನ ಹಿಂದೆ ಒಯ್ದಳು. "ತಪ್ಪಾತ್ರಿ."

"ಚೆಂಡು ಯಾಕ ಆ ಕೈಲೆ ಒಗಿಯೂದಿಲ್ಲ?"

"ಚೆಂಡು ಮಂದಿಗೆ ಕೊಡೂದಲ್ರೀ?" ಎಂದಳು ಮಾಯಕ್ಕ, ಇಷ್ಟೂ ತಿಳಿಯದೇ ಎಂಬಂತೆ. "ಎಡಗೈಲೆ ಹೆಂಗ ಕೊಡೂದ್ರಿ? ಆಡಿಗೆ ಒಗದ್ರ ನಡೀತೈತಿ. ಅದಕ್ಕೇನ ಗೊತ್ತಾಕೈತಿ?"

ತಮ್ಮಣ್ಣ ತಲೆಗೆ ಕೈ ಹಚ್ಚಿದರು. "ಮೂರು ವರ್ಷಾತ್ರಿ ಮೇಡಂ! ಇದು ಪುಸ್ತಕದಾಗ ಇರಲಿಲ್ಲ."

"ಈಗ ಪುಸ್ತಕನೂ ಪೂರ್ತಿ ಉಳದಿಲ್ಲ ಬಿಡ್ರಿ," ಎಂದು ಪ್ರಮಿಳಾ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಹುಡುಗಿಯ ಗ್ಲೌಸನ್ನು ಇಸಿದುಕೊಂಡು, ತಾನೇ ಹೋಮ್ ಪ್ಲೇಟಿಗೆ ನಡೆದಳು. ನಲವತ್ತಾರರ ಮೊಣಕಾಲು ಬಾಗುವಾಗ ಸಣ್ಣಗೆ ಕಟಕ್ಕೆಂದಿತು. "ಹೋಗು, ನಟ್ಟನಡುವೆ ದೂರ ನಿಂದ್ರು. ಅಲ್ಲಿಂದ ನನಗ ಎಡಗೈಲೆ ಒಗಿ."

"ನಿಮಗ? ಒಲ್ಲೇನ್ರೀ!"

"ನಾ ಇಸ್ಕೊಳ್ಳಾಕ ನಿಂತಿಲ್ಲವ್ವಾ. ಹಿಡಿಯಾಕ ನಿಂತೀನಿ."

ಮಾಯಕ್ಕ ಅಲ್ಲಿಯವರೆಗೆ ಓಡಿದಳೇನೋ ನಿಜ. ಚೆಂಡನ್ನು ಎಡಗೈಗೆ ತೆಗೆದುಕೊಂಡಳು, ಬಲಗೈಗೆ ಬದಲಿಸಿದಳು, ಮತ್ತೆ ಎಡಗೈಗೆ. ಆಮೇಲೆ ಹುಣಸೆಮರದತ್ತ ತಿರುಗಿ ಕೂಗಿದಳು, "ಯವ್ವಾ, ಈ ಬಾಯಾರು ತಮಗ ಎಡಗೈಲೆ ಒಗಿ ಅನ್ನಾಕತ್ತಾರ!"

ಕಾಡವ್ವ ಎಲೆಯಡಿಕೆ ತುಂಬಿದ ಬಾಯಲ್ಲೇ ಎದ್ದು ನಿಂತಳು. "ಎಡಗೈಲೆ ಉಣಬ್ಯಾಡ ಅಂದಿದ್ದೆ, ಬಡಸಬ್ಯಾಡ ಅಂದಿದ್ದೆ. ಚೆಂಡಾಡಬ್ಯಾಡ ಅಂತ ಯಾವಾಗ ಅಂದ್ನೆ ಹುಚ್ಚಿ? ಒಗಿಯೇ!"

ಚೆಂಡು ಬಂತು. ಅದು ಮೇಲೇರಲಿಲ್ಲ, ಪುಟಿಯಲೂ ಇಲ್ಲ. ಹಗ್ಗದ ಮೇಲೆ ಜಾರಿ ಬಂದಂತೆ ನೆಟ್ಟಗೆ ಬಂದು ಗ್ಲೌಸಿಗೆ ಬಡಿದಾಗ ಪ್ರಮಿಳಾಳ ಅಂಗೈಯ ಉರಿ ಮೊಣಕೈವರೆಗೆ ಹರಿಯಿತು. ಬಳೆಯೊಂದು ಒಡೆದು ಬಿತ್ತು.

"ಇನ್ನೊಂದು!" ಎಂದು ಕೂಗಿದಳು. ತನ್ನ ದನಿ ತನಗೇ ಹೊಸದೆನಿಸಿತು.

ಆರು ಚೆಂಡು ಬಂದವು. ಒಂದು ಮಾತ್ರ ತಲೆಯ ಮೇಲಿಂದ ಹೋಯಿತು. ಅದನ್ನು ಬೆನ್ನಟ್ಟಿ ಓಡಿದವರು ತಮ್ಮಣ್ಣ ಸರ್. ಓಡಿಬಂದ ಮಾಯಕ್ಕನ ಮುಖ ಬೆವರಿನಿಂದ ಹೊಳೆಯುತ್ತಿತ್ತು.

"ಅಲ್ಲೇ ನಿಲ್ಲಬೇಕನಸ್ತದ್ರಿ," ಎಂದಳು, ಯಾರೂ ಕೇಳದೆಯೇ. "ನಡುವ, ದೂರ. ಅಲ್ಲಿಂದ ಎಲ್ಲಾರೂ ಕಾಣಸ್ತಾರ. ಆಡು ಕಾದಂಗ."

"ಆದ್ರ ಎಡಗೈಲೆ ಒಗಿಯೂರ ಗ್ಲೌಸ ನಮ್ಮಲ್ಲಿಲ್ರಿ," ಎಂದರು ತಮ್ಮಣ್ಣ ಏದುಸಿರು ಬಿಡುತ್ತ.

"ಹುಡುಕೂಣು. ಸಿಗಲಿಲ್ಲಂದ್ರ ಬೆಳಗಾವಿ ಶಹಾಪುರದಾಗ ಹೊಲಿಸೂಣು," ಎಂದಳು ಪ್ರಮಿಳಾ. "ಪಟ್ಟಿ ಸೋಮವಾರ ಬೋರ್ಡಿಗೆ ಹಚ್ತಾರ. ನೋಡ್ಕೋರಿ." ಹುಡುಗಿ ತಲೆಯಾಡಿಸಿದಳು.

ಸಂಜೆಯ ರೈಲು ಖಾನಾಪುರ ಬಿಡುವ ಹೊತ್ತಿಗೆ ಪ್ರಮಿಳಾ ಬಾಗಿಲಲ್ಲೇ ನಿಂತಿದ್ದಳು. ಗಾಡಿ ಮೆಲ್ಲಗೆ ಸರಿಯತೊಡಗಿತ್ತು. ಆಗ ಟಿಕೆಟ್ ಕಿಟಕಿಯ ಕಡೆಯಿಂದ ದೊಗಳೆ ಅಂಗಿಯೊಂದು ಓಡಿಬಂತು.

"ಬಾಯಾರೀ! ಅವ್ವ ಗೆಣಸು ಕುದಿಸಿ ಕೊಟ್ಟಾಳ್ರೀ!"

ಬಟ್ಟೆಯ ಗಂಟು ಬಲಗೈಯಲ್ಲಿತ್ತು. ಗಾಡಿಗೂ ಹುಡುಗಿಗೂ ನಡುವೆ ಹತ್ತು ಮಾರು, ಹದಿನೈದು ಮಾರು. ಓಡುತ್ತಿದ್ದವಳು ಒಮ್ಮೆಲೇ ನಿಂತಳು. ಗಂಟು ಎಡಗೈಗೆ ಹೋಯಿತು. ಮರುಕ್ಷಣ ಅದು ಪ್ರಮಿಳಾಳ ಎದೆಗೆ ಬಂದು ಬಿತ್ತು. ಅವಳು ಎರಡೂ ಕೈಯಿಂದ ಅಪ್ಪಿ ಹಿಡಿದಳು. ಪ್ಲಾಟ್‌ಫಾರ್ಮಿನ ಮೇಲೆ ಮಾಯಕ್ಕ ನಾಲಿಗೆ ಕಚ್ಚಿಕೊಂಡು, ಆಮೇಲೆ ನಕ್ಕು, ಅದೇ ಕೈಯನ್ನು ಎತ್ತಿ ಬೀಸಿದಳು.

ಒಳಗೆ ಕಿಟಕಿಯ ಬದಿಗೆ ಜಾಗ ಸಿಕ್ಕಿತು. ಸಾನಿಕಾಗೆ ಇನ್ನೂ ಎರಡು ವರ್ಷವಿದೆ, ಎಂದುಕೊಂಡಳು. ಬಾಳಾಸಾಹೇಬರಿಗೆ ಹೇಳಬೇಕಾದದ್ದನ್ನು ಒಮ್ಮೆ ಮನಸ್ಸಿನಲ್ಲಿ ಜೋಡಿಸಿದಳು. ಅದು ಬಹಳ ಚಿಕ್ಕದಾಗಿತ್ತು. ಹಾಳೆಯನ್ನು ಪರ್ಸಿನ ಮೇಲಿಟ್ಟು, ಗಾಡಿ ದೇಸೂರಿನಲ್ಲಿ ನಿಂತಾಗ, ಅಕ್ಷರ ಅಲುಗದಂತೆ ಬರೆದಳು. ಹೆಸರು. ಸ್ಥಾನ: ಸೆಂಟರ್ ಫೀಲ್ಡ್. ಎಸೆಯುವ ಕೈ: ಎಡ.

ಶಾಯಿ ಆರಲಿ ಎಂದು ಹಾಳೆಯನ್ನು ಬಲಗೈಯಲ್ಲಿ ಕಿಟಕಿಯ ಗಾಳಿಗೆ ಹಿಡಿದಳು. ಮಡಿಲಲ್ಲಿ ಗಂಟು ಇನ್ನೂ ಬಿಸಿಯಾಗಿತ್ತು. ಹಸಿವು ತಡೆಯಲಿಲ್ಲ. ಇನ್ನೊಂದು ಕೈಯಿಂದಲೇ ಗಂಟು ಬಿಚ್ಚಿ, ಒಂದು ಗೆಣಸಿನ ಸಿಪ್ಪೆಯನ್ನು ಹೆಬ್ಬೆರಳಿನಿಂದ ಸರಿಸಿ ಕಚ್ಚಿದಳು. ಎದುರಿಗೆ ಕುಳಿತಿದ್ದ ಮುದುಕಿಯೊಬ್ಬಳು ಆ ಎಡಗೈಯನ್ನೇ ನೋಡತೊಡಗಿದಳು. ಪ್ರಮಿಳಾ ಅವಳನ್ನು ನೋಡಿ ಮುಗುಳ್ನಕ್ಕು, ಇನ್ನೊಂದು ತುತ್ತು ಕಚ್ಚಿದಳು.