ದೇವರ ಪೆಟ್ಟಿಗೆಯ ಚಕ್ರ

ಗಂಡನ ವೈಕುಂಠ ಸಮಾರಾಧನೆಯ ದಿನವೇ ಮೈದುನ ರಾಘಣ್ಣ ದೇವರ ಪೆಟ್ಟಿಗೆ ಹೊತ್ತೊಯ್ದದ್ದನ್ನು ಮಕ್ತಲ್‌ನ ಇಂದಿರಾಬಾಯಿ ಮರೆತಿರಲಿಲ್ಲ. ಮಗಳು ಅಕ್ಷಯಾ ಅಂತೂ ಮರೆಯುವ ಪೈಕಿಯೇ ಅಲ್ಲ. "ವೈನಿ, ಚಕ್ರಶಿಲೆ ಹೆಂಗಸರು ಮುಟ್ಟಬಾರದು. ಗಂಡುದಿಕ್ಕಿಲ್ಲದ ಮನಿಯೊಳಗ ದೇವರು ಉಪವಾಸ ಬೀಳ್ತಾನ" ಅಂದಿದ್ದ ಪುಣ್ಯಾತ್ಮ. ತಾತ ದ್ವಾರಕೆಯಿಂದ ತಂದ, ಅಪ್ಪ ದಿನಾ ನೀರೆರೆಯುತ್ತಿದ್ದ ಚಕ್ರದಂಥ ಗೆರೆಗಳ ಆ ದುಂಡುಕಲ್ಲನ್ನು ಅಮ್ಮ ಹೊಸ್ತಿಲಾಚೆ ನಿಂತೇ ಕಣ್ತುಂಬಿಕೊಂಡವಳು. ಈಗ ಅದೂ ಇಲ್ಲ.

ಆ ಸಿಟ್ಟನ್ನು ಅಕ್ಷಯಾ ಆರಲು ಬಿಡಲಿಲ್ಲ. ಹೈದರಾಬಾದಿನಲ್ಲಿ ಭೂವಿಜ್ಞಾನ ಓದುವಾಗ ಒಂದು ದಿನ ಪಳೆಯುಳಿಕೆಗಳ ಗಾಜಿನ ಪೆಟ್ಟಿಗೆಯ ಮುಂದೆ ಗಕ್ಕನೆ ನಿಂತಳು. ಅದೇ ದುಂಡು, ಅದೇ ಸುತ್ತು ಸುತ್ತು ಗೆರೆ. ಕೆಳಗಿನ ಚೀಟಿ ಓದಿದವಳಿಗೆ ನಗು ತಡೆಯಲಾಗಲಿಲ್ಲ.

ಮುಂದಿನ ದ್ವಾದಶಿಯ ಬೆಳಿಗ್ಗೆ ಗದ್ವಾಲದ ಕಾಕಾನ ಮನೆ ಹೊಕ್ಕಳು. ಏಕಾದಶಿ ಮುಗಿಸಿದ ದೊಡ್ಡವರೆಲ್ಲ ತೀರ್ಥಕ್ಕೆ ಕೈಯೊಡ್ಡಿ ಕೂತಿದ್ದರು. ಮಡಿಯುಟ್ಟ ರಾಘಣ್ಣ ಮೊದಲ ತೀರ್ಥ ತಾನೇ ಕುಡಿದು, ಚಕ್ರದ ಮಹಿಮೆ ಕೊಚ್ಚುತ್ತಿದ್ದ.

"ನಾ ಮುಟ್ಟೂದಿಲ್ಲ ಕಾಕಾ, ನೀವ ಸ್ವಲ್ಪ ತಿರುವಿ ತೋರಸ್ರಿ" ಅಂದಳು.

ತಿರುವಿದ. ಎರಡೂ ಕಡೆ ಬಟ್ಟಲಿನಂತೆ ತಗ್ಗು. ಇನ್ನು ಅನುಮಾನವಿರಲಿಲ್ಲ.

"ಇದು ಶಾರ್ಕ್ ಮೀನಿನ ಬೆನ್ನೆಲುಬಿನ ಮಣಿರೀ. ಆ ಮೀನಿಗೆ ನಮ್ಮಂಗ ಗಟ್ಟಿ ಎಲುಬಿಲ್ಲ. ಸತ್ರ ಮೈಯೆಲ್ಲ ಕೊಳೆತು ಹೋಗ್ತದ, ಹಲ್ಲಷ್ಟ ಉಳೀತಾವ. ಸುಣ್ಣ ಕಟ್ಟಿದ ಇಂಥಾ ಮಣಿ ಅಪರೂಪಕ್ಕ ಕಲ್ಲಾಗ್ತಾವ. ಈ ಸುತ್ತು ಎಣಿಸಿ ಅದರ ವಯಸ್ಸು ಹೇಳ್ತಾರ, ಮರದ್ದು ಹೇಳಿದ್ಹಂಗ. ಕೋಟ್ಯಂತರ ವರ್ಷದ ಹಿಂದ ಮೀನು ತಿಂದು ಬದುಕಿದ ಮೀನಿದು." ಫೋನಿನಲ್ಲಿದ್ದ ಆ ಗಾಜಿನ ಪೆಟ್ಟಿಗೆಯ ಚಿತ್ರವನ್ನು ಎಲ್ಲರ ಮುಂದೆ ಹಿಡಿದಳು. "ದಿನಾ ಇದನ್ನ ತೊಳದು ಕುಡೀತಿದ್ರೇನ್ರೀ ಕಾಕಾ?"

ಒಬ್ಬರು ಅಂಗೈಯ ನೀರು ಕೊಡವಿದರು. ಇನ್ನೊಬ್ಬರು ಎದ್ದೇಬಿಟ್ಟರು. ರಾಘಣ್ಣ ಚಕ್ರವನ್ನು ಅಂಗಳಕ್ಕೆಸೆದು, "ತೊಗೊಂಡು ಹೋಗು ಅದನ್ನ!" ಎಂದು ಕೂಗುತ್ತ ಬಚ್ಚಲಿಗೆ ಓಡಿದ. ಒಳಗಿಂದ ಬಂದ ಸದ್ದು ಅಕ್ಷಯಾಳ ಹೊಟ್ಟೆ ತಣ್ಣಗೆ ಮಾಡಿತು. ಕಲ್ಲನ್ನು ಸೆರಗಿನಲ್ಲಿ ಕಟ್ಟಿಕೊಂಡು ಮಕ್ತಲ್‌ಗೆ ಹೊರಟಳು.

ಎಲ್ಲ ಕೇಳಿದ ಇಂದಿರಾಬಾಯಿ ಕಲ್ಲನ್ನು ಮೊದಲ ಸಲ ಅಂಗೈಯಲ್ಲಿಟ್ಟುಕೊಂಡಳು. ತೊಳೆದು ತುಳಸಿ ಏರಿಸಿದಳು. "ಮೀನಾದರೇನು, ಮೊದಲನೇ ಅವತಾರ ಮೀನ ಅಲ್ಲೇನು? ನಿಮ್ಮಪ್ಪ ದೇವರು ಅಂತ ಕುಡದ, ನಾನೂ ಕುಡೀತೀನಿ."

ತೀರ್ಥ ಕುಡಿದು ಗೋಡೆಗೊರಗಿ ಕೂತಳು.

"ಬಚ್ಚಲಕ್ಕ ಓಡಿದನೇನು? ಇನ್ನೊಮ್ಮೆ ಹೇಳು" ಅಂದಳು. "ಮೊದಲಿಂದ ಹೇಳು."