ಪಡಸಾಲೆ ಮಹಾರಾಷ್ಟ್ರ, ಅಡುಗೆಮನೆ ಕರ್ನಾಟಕ

ಗಡಿಯೂರು ತುರೋರಿಯ ಆ ಮನೆಯಲ್ಲಿ ಪಡಸಾಲೆ ಮಹಾರಾಷ್ಟ್ರಕ್ಕೆ ಸೇರಿತ್ತು, ಅಡುಗೆಮನೆ ಕರ್ನಾಟಕಕ್ಕೆ. ಹಾಗಂತ ತೀರ್ಮಾನಿಸಿದ್ದು ಸೊಸೆ ಸ್ವಪ್ನಾಲಿಯ ಮೊಬೈಲು. ಒಳಗೆ ಒಯ್ದರೆ ಸಾಕು, ಗಡಿಯಾಚೆಯ ಟವರ್ ಹಿಡಿದುಬಿಡುತ್ತಿತ್ತು. ಅವಳ ಲ್ಯಾಪ್‌ಟಾಪಿಗೆ ಇಂಟರ್ನೆಟ್ ಕೊಡುತ್ತಿದ್ದುದೂ ಅದೇ ಮೊಬೈಲು.

ಉಮರ್ಗಾದ ಸಹಕಾರಿ ಬ್ಯಾಂಕೊಂದರ ಕಂಪ್ಯೂಟರುಗಳನ್ನು ಪಡಸಾಲೆಯಲ್ಲಿ ಕೂತೇ ಆನ್‌ಲೈನ್ ಕಳ್ಳರಿಂದ ಕಾಯುವುದು ಅವಳ ನೌಕರಿ. ತನ್ನಷ್ಟಕ್ಕೆ ಬೀಗ ಹಾಕುವ ವ್ಯವಸ್ಥೆಯನ್ನು ಕಟ್ಟಿದವಳೂ ಅವಳೇ. ನೌಕರರೊಬ್ಬರ ಲಾಗಿನ್ ಖಾತೆ ಗಳಿಗೆಯೊಳಗೆ ಎರಡು ರಾಜ್ಯಗಳಲ್ಲಿ ಕಂಡರೆ ಒಂದು ದಿನ ಬೀಗ. ಮೂರನೇ ಸಲವಾದರೆ ಖಾತೆಯೂ ಬಂದ್, ನೌಕರಿಯೂ ಬಂದ್. ದೊಡ್ಡವರು ಫೋನ್ ಮಾಡಿದರೆ ಕರಗಿಹೋಗುವ ಜನ ಬ್ಯಾಂಕಿನಲ್ಲಿ ತುಂಬಿದ್ದರು. ಅದಕ್ಕೇ ಯಾರು ಹೇಳಿದರೂ ತೆರೆಯದ ಹಾಗೆ ಮಾಡಿದ್ದಳು, ಜಾಣೆ! ಮದುವೆಯಾಗಿ ಇಲ್ಲಿಗೆ ಬಂದ ಮೇಲೆ, ಮೊಬೈಲ್ ಒಳಗೆ ಒಯ್ದು, ತಾನೇ ತೋಡಿದ ಬಾವಿಗೆ ಎರಡು ಸಲ ಬಿದ್ದಿದ್ದಳು. ಗೋಗರೆದರೆ ಮ್ಯಾನೇಜರ್, "ನೇಮ ನಿಮ್ದೇ ಅದಲ್ರೀ ಮೇಡಂ" ಎಂದು ನಕ್ಕಿದ್ದರು.

ಮನೆಗೂ ಒಂದು ನೇಮವಿತ್ತು. ಪಡಸಾಲೆಗೆ ಹೊರಗಿನ ಗಂಡಸರು ಬಂದರೆ ಸೊಸೆ ಒಳಗೆ ಹೋಗಬೇಕು. ಪಾಳಿ ಮುಗಿಯುವತನಕ ಅವಳು ಕಾವಲು ಬಿಡುವಂತಿರಲಿಲ್ಲ.

ಅವತ್ತು ಪೂಜೆಗೆಂದು ಮನೆತನದ ಜಂಗಮರು ಕಾಡಯ್ಯನವರು ಬಂದರು.

"ಸ್ವಾಮಿಗೋಳು ಬಂದಾರ, ಒಳಗ ನಡಿಯವ್ವಾ," ಎಂದರು ಅತ್ತೆ ಶೇವಂತಾಬಾಯಿ.

ಸ್ವಪ್ನಾಲಿ ಲ್ಯಾಪ್‌ಟಾಪನ್ನು ತೊಡೆಯ ಮೇಲೆ ಎಳೆದುಕೊಂಡಳು. ಗೋಡೆಗೆ ಬೆನ್ನು ಒತ್ತಿ ಕೂತಳು. "ನಾ ಏಳಂಗಿಲ್ರಿ ಅತ್ತಿ. ಎದ್ದರ ನನ್ನ ನೌಕರಿ ಹೋಗ್ತದ."

ಸೊಸೆ ಎದುರಾಡಿದ್ದು ಅದೇ ಮೊದಲು. ಅತ್ತೆಯ ಮುಖ ಕೆಂಪೇರಿತು. ಕಾಡಯ್ಯನವರೇ ನಡುವೆ ಬಂದರು.

"ಕೂಡ್ಲಿ ಬಿಡ್ರಿ ಬಾಯಿ. ಕಾಯಕ ಮಾಡ್ಲಾಕತ್ತಾಳ, ಅದೂ ಪೂಜಾನೇ ಅದ. ನಾನೇ ಒಳಗ ಕೂಡ್ತೀನಿ."

ಅವರು ಒಳಗೆ ಹೋದರು. ಸ್ವಪ್ನಾಲಿಗೆ ಅಳು ಬರುವಷ್ಟು ಹಗುರವಾಯಿತು. ಸ್ವಲ್ಪ ಹೊತ್ತಿಗೆ ಅತ್ತೆ ಚಹಾ ತಂದಿಟ್ಟು, ತಲೆ ನೇವರಿಸಿದರು. "ಮೊದಲೇ ಹೇಳಬಾರ್ದೇನ, ಹುಚ್ಚಿ," ಎಂದರು. ಇದು ತನ್ನ ಮನೆ ಎಂದು ಅವಳಿಗೆ ಮೊದಲ ಸಲ ಅನ್ನಿಸಿತು. ಕಣ್ಣು ಮುಚ್ಚಿ ಚಹಾ ಕುಡಿದಳು.

ಕಣ್ಣು ತೆರೆದಾಗ ಪರದೆ ಕೆಂಪಾಗಿತ್ತು. ಮೂರನೇ ಬೀಗ. ಪಕ್ಕದಲ್ಲಿ ಕೈಯಾಡಿಸಿದಳು, ಮೊಬೈಲ್ ಇರಲಿಲ್ಲ.

ಅಡುಗೆಮನೆಯಿಂದ ಅತ್ತೆ ಕೂಗಿ ಹೇಳಿದರು: "ಫೋನ್ ಹುಡುಕಬ್ಯಾಡ ಸ್ವಪ್ನಾ! ಚಾರ್ಜ್ ಇಳಿದಿತ್ತು. ನಿನ್ನ ಕೆಲಸ ನಿಲ್ಲಬಾರ್ದಂತ ಇಲ್ಲೇ ಒಳಗ ಹಚ್ಚೀನಿ."

ಬೈಯಬೇಕೆಂದರೂ ಯಾರೂ ಸಿಗಲಿಲ್ಲ ಅವಳಿಗೆ. "ಛಲೋ ಮಾಡೀರಿ ಅತ್ತಿ," ಎಂದಳು.